ಜಿಯೋಕ್ಯಾಶಿಂಗ್: ಮೊದಲ ಡಬ್ಬಿ ಕೈಗೆ ಸಿಗುವ ತನಕ

ಯಾರೋ ಒಬ್ಬರು ಡಬ್ಬಿಯೊಂದರಲ್ಲಿ ಖಾಲಿ ಚೀಟಿ ಸುತ್ತಿಟ್ಟು ಅದನ್ನು ಪಾರ್ಕಿನ ಬೆಂಚಿನಡಿಯಲ್ಲೋ ಗುಡ್ಡದ ಬಂಡೆ ಸಂದಿಯಲ್ಲೋ ಬಚ್ಚಿಡುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಇಂಟರ್‌ನೆಟ್ಟಿಗೆ ಹಾಕುತ್ತಾರೆ. ನೀವು ಫೋನ್ ಹಿಡಿದು ಅಲ್ಲಿಗೆ ಹೋಗುತ್ತೀರಿ, ಹುಡುಕುತ್ತೀರಿ, ಸಿಕ್ಕರೆ ಚೀಟಿಯಲ್ಲಿ ಹೆಸರು, ತಾರೀಕು ಬರೆದು ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು ಬರುತ್ತೀರಿ. ಜಿಯೋಕ್ಯಾಶಿಂಗ್ ಅಂದರೆ ಇಷ್ಟೇ. ಬಹುಮಾನ ಇಲ್ಲ, ಎದುರಾಳಿ ಇಲ್ಲ, ಟೈಮ್ ಆಯಿತು ಎಂದು ಸೀಟಿ ಊದುವವರೂ ಇಲ್ಲ. ಆದರೂ ಜಗತ್ತಿನಲ್ಲಿ ಈಗ 30 ಲಕ್ಷಕ್ಕೂ ಹೆಚ್ಚು ಡಬ್ಬಿಗಳು ಹೀಗೆ ಅಡಗಿ ಕೂತಿವೆ.

ಈ ಆಟ ಹುಟ್ಟಿದ್ದು ಒಂದು ಸರ್ಕಾರಿ ಆದೇಶದಿಂದ. ಜಿಪಿಎಸ್ ಉಪಗ್ರಹಗಳು ಅಮೆರಿಕದ ಸೇನೆಯವು. ಜನಸಾಮಾನ್ಯರಿಗೆ ಸಿಗುವ ಸಂಕೇತವನ್ನು ಅವರು ಬೇಕೆಂದೇ ಸ್ವಲ್ಪ ಕೆಡಿಸಿ ಕೊಡುತ್ತಿದ್ದರು. ನೂರು ಮೀಟರ್‌ವರೆಗೂ ಲೆಕ್ಕ ತಪ್ಪುತ್ತಿತ್ತು. ಅಧ್ಯಕ್ಷ ಕ್ಲಿಂಟನ್ ಆದೇಶದ ಮೇರೆಗೆ 2000ದ ಮೇ 1ರ ನಡುರಾತ್ರಿ ಅದು ನಿಂತಿತು. ಮೇ 3ರಂದು ಡೇವ್ ಅಲ್ಮರ್ ಎಂಬುವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಂಚಿನಲ್ಲಿ ಕಪ್ಪು ಬಕೆಟ್ಟೊಂದನ್ನು ಇಟ್ಟು, ಅದರ ಸ್ಥಾನವನ್ನು ಇಂಟರ್‌ನೆಟ್ಟಿನಲ್ಲಿ ಬರೆದರು. ಅದರೊಳಗೆ ಪುಸ್ತಕ, ವಿಡಿಯೊ, ಸಾಫ್ಟ್‌ವೇರ್, ಕವಣೆ, ಒಂದು ಡಬ್ಬ ಬೀನ್ಸ್ ಕೂಡ ಇದ್ದವಂತೆ. ಮೂರು ದಿನದೊಳಗೆ ಇಬ್ಬರು ಅದನ್ನು ಪತ್ತೆ ಹಚ್ಚಿದರು. ಅದೇ ವರ್ಷದ ಸೆಪ್ಟೆಂಬರ್ 2ರಂದು ಜೆರೆಮಿ ಐರಿಶ್ ಎಂಬುವರು ಜಿಯೋಕ್ಯಾಶಿಂಗ್ ಡಾಟ್ ಕಾಮ್ ಶುರು ಮಾಡಿದರು. ಸಿಯಾಟಲ್‌ನಿಂದ ನಡೆಯುವ ಈ ತಾಣವೇ ಇವತ್ತಿಗೂ ಆಟದ ಮುಖ್ಯ ಅಡ್ಡೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ, ಮಗಳ ಮನೆಗೆಂದು ಆರು ತಿಂಗಳು ಹೋಗಿ ಬರುವ ಅಪ್ಪ ಅಮ್ಮಂದಿರಿಗೆ ಇದು ಹೇಳಿ ಮಾಡಿಸಿದ ಆಟ. ಡಬ್ಬಿಗಳ ಸಂಖ್ಯೆಯಲ್ಲಿ ಅಮೆರಿಕ ಮೊದಲು, ಜರ್ಮನಿ ಎರಡನೆಯದು. ಅಲ್ಲಿ ಮನೆಯಿಂದ ಹೊರಬಿದ್ದು ಹತ್ತು ನಿಮಿಷ ನಡೆದರೆ ಒಂದಾದರೂ ಸಿಗುತ್ತದೆ. ನಮ್ಮಲ್ಲಿ ಅಷ್ಟು ದಟ್ಟವಾಗಿಲ್ಲ. ಬೆಂಗಳೂರು, ಮೈಸೂರು, ಪ್ರವಾಸಿ ತಾಣಗಳ ಆಸುಪಾಸಿನಲ್ಲಿ ಅಲ್ಲಲ್ಲಿ ಇವೆ. ಕಡಿಮೆ ಇದ್ದರೂ ಹುಡುಕುವುದು ಕಷ್ಟವಲ್ಲ. ನಮ್ಮೂರಿನಲ್ಲಿ ಕಷ್ಟವಾಗುವುದು ಸುತ್ತ ನಿಂತು ನೋಡುವ ಜನರನ್ನು ಸಂಭಾಳಿಸುವುದು. ಹೊರಗಿನವರು ಬರೆದ ಮಾರ್ಗದರ್ಶಿಗಳು ಈ ವಿಷಯದಲ್ಲಿ ಕೊಡುವ ಸಲಹೆ ಇಲ್ಲಿಗೆ ಪೂರ್ತಿ ಉಲ್ಟಾ. ಅದಕ್ಕೆ ಆಮೇಲೆ ಬರುತ್ತೇನೆ.

ಫೋನ್ ಇದ್ದರೆ ಸಾಕು

ಶುರುವಿಗೆ ಬೇರೆ ಯಂತ್ರ ಬೇಡ. ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರ್‌ನಿಂದ ಜಿಯೋಕ್ಯಾಶಿಂಗ್ ಆ್ಯಪ್ ಹಾಕಿಕೊಂಡು ಉಚಿತ ಖಾತೆ ತೆರೆಯಿರಿ. ಹಣ ಕೊಟ್ಟು ಸದಸ್ಯರಾದವರಿಗೆ ಮಾತ್ರ ಕಾಣುವ ಡಬ್ಬಿಗಳೂ ಇವೆ, ಆದರೆ ಸುಲಭದವು ಉಚಿತ ಖಾತೆಯಲ್ಲೇ ತೆರೆದುಕೊಳ್ಳುತ್ತವೆ. ಕಲಿಯುವಷ್ಟಕ್ಕೆ ಅವು ಧಾರಾಳ. ಆಂಡ್ರಾಯ್ಡ್ ಇರುವವರು ಸಿ:ಜಿಯೊ ಎಂಬ ಇನ್ನೊಂದು ಉಚಿತ ಆ್ಯಪ್ ಕೂಡ ಬಳಸಬಹುದು; ನೋಡಲು ಅಷ್ಟು ಚೆಂದವಿಲ್ಲ, ಆದರೆ ನೆಟ್‌ವರ್ಕ್ ಇಲ್ಲದ ಕಡೆ ಬಲು ಉಪಕಾರಿ.

ಖಾತೆಗೆ ಚಿಕ್ಕ ಅಡ್ಡಹೆಸರು ಇಟ್ಟುಕೊಳ್ಳಿ. ಕೆಲವು ಡಬ್ಬಿಗಳ ಚೀಟಿ ಬಸ್ ಟಿಕೆಟ್ಟಿಗಿಂತ ಸಣ್ಣದಿರುತ್ತದೆ. ತಾತನ ಹೆಸರು, ಊರ ಹೆಸರು ಎಲ್ಲ ಸೇರಿಸಿದರೆ ಬರೆಯಲು ಜಾಗ ಸಾಲುವುದಿಲ್ಲ. ಮೇಲಾಗಿ ನೀವು ಯಾವತ್ತು ಎಲ್ಲಿದ್ದಿರಿ ಎನ್ನುವುದು ಎಲ್ಲರಿಗೂ ಕಾಣುವ ಹಾಗೆ ದಾಖಲಾಗುವುದರಿಂದ ನಿಜ ಹೆಸರು ಬಳಸದಿರುವುದೇ ವಾಸಿ.

ಒಂದು ಎಚ್ಚರಿಕೆ, ಮುಖ್ಯವಾಗಿ ವಿದೇಶದಿಂದ ರಜೆಗೆ ಬರುವವರಿಗೆ. ಗಾರ್ಮಿನ್ ಇನ್‌ರೀಚ್‌ನಂಥ, ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನಗಳನ್ನು ಮತ್ತು ಸ್ಯಾಟಲೈಟ್ ಫೋನ್‌ಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತಕ್ಕೆ ತರುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳುತ್ತೀರಿ. ಫೋನಿನ ಜಿಪಿಎಸ್ ಸಂಕೇತವನ್ನು ಬರೀ ಕೇಳಿಸಿಕೊಳ್ಳುತ್ತದೆ, ಕಳಿಸುವುದಿಲ್ಲ. ಅದಕ್ಕೆ ಈ ತೊಂದರೆ ಇಲ್ಲ.

ಅಂಕಿಗಳನ್ನು ಓದುವ ಬಗೆ

ಆ್ಯಪ್ ತಾನೇ ಬಾಣದ ಗುರುತು ತೋರಿಸುತ್ತದೆ, ನಿಜ. ಆದರೂ ಈ ಅಂಕಿಗಳು ಹೇಗೆ ಕೆಲಸ ಮಾಡುತ್ತವೆ ಎಂದು ಒಮ್ಮೆ ತಿಳಿದುಕೊಂಡರೆ ಮುಂದೆ ಒಗಟಿನ ಡಬ್ಬಿಗಳಿಗೆ ಹೋದಾಗ ಪರದಾಡಬೇಕಿಲ್ಲ. ಜಿಯೋಕ್ಯಾಶಿಂಗ್‌ನಲ್ಲಿ ಸ್ಥಾನವನ್ನು ಡಿಗ್ರಿ ಮತ್ತು ದಶಾಂಶ ಮಿನಿಟ್‌ನಲ್ಲಿ ಬರೆಯುತ್ತಾರೆ. ಉದಾಹರಣೆಗೆ ಉತ್ತರ 12° 57.000, ಪೂರ್ವ 77° 35.000. ಇದು ಲಾಲ್‌ಬಾಗ್‌ನ ಜಾಗ. ಇದನ್ನೇ ಯಾರಾದರೂ ಅವಸರದಲ್ಲಿ ಗೂಗಲ್ ಮ್ಯಾಪ್‌ಗೆ 12.57000, 77.35000 ಎಂದು ಹಾಕಿದರೆ ಗುರುತು ಬೀಳುವುದು ಕನಕಪುರದ ಕಡೆ! ಹೆಚ್ಚುಕಡಿಮೆ 50 ಕಿಲೋಮೀಟರ್ ವ್ಯತ್ಯಾಸ. ಒಂದು ಡಿಗ್ರಿಗೆ 60 ಮಿನಿಟ್, ನೂರಲ್ಲ. ಹಾಗಾಗಿ 57ನ್ನು 60ರಿಂದ ಭಾಗಿಸಿ 12.95 ಎಂದು ಹಾಕಬೇಕು. 35ನ್ನು ಭಾಗಿಸಿದರೆ 77.5833.

ಕೊನೆಯ ಮೂರು ಅಂಕಿಗಳಲ್ಲೇ ಆಟ ಇರುವುದು. ಅಕ್ಷಾಂಶದ ಕೊನೆಯ ಅಂಕಿ ಒಂದು ಹೆಚ್ಚಾದರೆ ನೆಲದ ಮೇಲೆ 1.85 ಮೀಟರ್ ಉತ್ತರಕ್ಕೆ ಸರಿದ ಹಾಗೆ. ಅಂದರೆ ಎರಡು ಮೂರು ಹೆಜ್ಜೆ.

ಮೊದಲ ಡಬ್ಬಿ ಆರಿಸುವುದು

ಹೊಸಬರು ಸಾಮಾನ್ಯವಾಗಿ ಮ್ಯಾಪ್ ತೆರೆದು ಮನೆಗೆ ಎಲ್ಲಕ್ಕಿಂತ ಹತ್ತಿರ ಇರುವುದಕ್ಕೆ ಹೋಗುತ್ತಾರೆ. ಅದು ಬೇಡ. ಹತ್ತಿರದ್ದಕ್ಕಿಂತ ಸುಲಭದ್ದು, ಮತ್ತು ಇನ್ನೂ ಅಲ್ಲೇ ಇದೆ ಎಂದು ಖಾತ್ರಿ ಇರುವುದು ಮುಖ್ಯ. ಮೊದಲ ಸಲ ಒಂದು ಗಂಟೆ ಪೊದೆ ತಡಕಾಡಿ ಬರಿಗೈಯಲ್ಲಿ ಬಂದವರು ಎರಡನೇ ಸಲ ಹೋಗುವುದೇ ಇಲ್ಲ, ಅದರಲ್ಲೂ ಜೊತೆಗೆ ಮಕ್ಕಳಿದ್ದರೆ.

ಪ್ರತಿ ಡಬ್ಬಿಗೂ ಒಂದು ಪುಟ ಇರುತ್ತದೆ. ಅದನ್ನು ಮನೆಯಲ್ಲೇ ಕೂತು ನಿಧಾನವಾಗಿ ಓದಿ. ಮೊದಲು ಬಗೆ: ಹಸಿರು ಗುರುತಿನ ಟ್ರೆಡಿಷನಲ್ ಎಂಬುದನ್ನೇ ಆರಿಸಿ. ಅದರಲ್ಲಿ ಕೊಟ್ಟ ಸ್ಥಾನದಲ್ಲೇ ಡಬ್ಬಿ ಇರುತ್ತದೆ, ಸುತ್ತು ಬಳಸಿಲ್ಲ. ಆಮೇಲೆ ಎರಡು ಅಂಕಿಗಳು, ಒಂದರಿಂದ ಐದರವರೆಗೆ, ಅರ್ಧರ್ಧ ಮೆಟ್ಟಿಲಿನಲ್ಲಿ. ಡಿ ಅಂದರೆ ಹುಡುಕುವುದು ಎಷ್ಟು ಕಷ್ಟ, ಟಿ ಅಂದರೆ ಅಲ್ಲಿಗೆ ತಲುಪುವ ದಾರಿ ಎಷ್ಟು ಕಷ್ಟ. ಟಿ 1 ಎಂದಿದ್ದರೆ ಗಾಲಿಕುರ್ಚಿಯಲ್ಲೂ ಹೋಗಬಹುದು. ಟಿ 5 ಎಂದಿದ್ದರೆ ದೋಣಿಯೋ ಹಗ್ಗವೋ ಬೇಕು. ಎರಡೂ 1.5ಕ್ಕಿಂತ ಮೇಲೆ ಹೋಗದಿರಲಿ. ಗಾತ್ರದಲ್ಲೂ ಆಸೆ ಪಡಬಹುದು: ನ್ಯಾನೊ ಎಂದರೆ ಕಿರುಬೆರಳ ತುದಿಯಷ್ಟು, ಮೈಕ್ರೊ ಎಂದರೆ ಹಳೆಯ ಫಿಲ್ಮ್ ರೋಲ್ ಡಬ್ಬಿಯಷ್ಟು. ಸ್ಮಾಲ್ ಎಂದರೆ ನೂರು ಮಿಲಿಲೀಟರ್‌ನಿಂದ ಒಂದು ಲೀಟರ್‌ವರೆಗೆ, ಅಂದರೆ ಮಗುವಿನ ತಿಂಡಿ ಡಬ್ಬಿ. ಸ್ಮಾಲ್ ಸಿಕ್ಕರೆ ಒಳ್ಳೆಯದು.

ಇವೆಲ್ಲಕ್ಕಿಂತ ಹೆಚ್ಚು ಹೇಳುವುದು ಪುಟದ ಕೆಳಗೆ ಹಿಂದೆ ಹುಡುಕಿದವರು ಬರೆದಿಟ್ಟ ಟಿಪ್ಪಣಿಗಳು, ಅಂದರೆ ಲಾಗ್‌ಗಳು. ಕೊನೆಯ ಲಾಗ್ ಈ ವರ್ಷದ್ದೇ, ಮೂರು ವರ್ಷ ಹಳೆಯದೇ? ಸಾಲಾಗಿ ನಾಲ್ಕು ಜನ ಡಿಎನ್‌ಎಫ್, ಅಂದರೆ ಸಿಗಲಿಲ್ಲ, ಎಂದು ಬರೆದಿದ್ದಾರೆಯೇ? ಹಾಗಿದ್ದರೆ ಅದು ಯಾವುದೋ ಪಾರ್ಕ್ ಕ್ಲೀನಿಂಗ್‌ನಲ್ಲಿ ಕಸದ ಗಾಡಿ ಸೇರಿ ಆಗಿದೆ. ನಮ್ಮಲ್ಲಿ ಅನೇಕ ಡಬ್ಬಿಗಳ ಗತಿ ಹೀಗೆ. ಮಳೆಗಾಲ ಕಳೆದ ಮೇಲೂ ಯಾರಿಗಾದರೂ ಸಿಕ್ಕಿದ್ದರೆ ಮಾತ್ರ ಹೊರಡಿ.

ಪುಟದಲ್ಲಿ ಸುಳಿವು ಅಂತ ಒಂದು ಸಾಲು ಇರುತ್ತದೆ. ಅಪ್ಪಿತಪ್ಪಿ ಕಣ್ಣಿಗೆ ಬೀಳಬಾರದೆಂದು ಅದನ್ನು ಇಂಗ್ಲಿಷ್ ಅಕ್ಷರಗಳನ್ನು 13 ಸ್ಥಾನ ಮುಂದೆ ತಳ್ಳಿ ಬರೆದಿರುತ್ತಾರೆ: ಎ ಇದ್ದಲ್ಲಿ ಎನ್, ಬಿ ಇದ್ದಲ್ಲಿ ಒ. 26 ಅಕ್ಷರದಲ್ಲಿ ಅರ್ಧ 13 ಆದ್ದರಿಂದ ಇನ್ನೊಮ್ಮೆ ತಳ್ಳಿದರೆ ಮೂಲ ವಾಪಸ್ ಬರುತ್ತದೆ. ಆ್ಯಪ್‌ನಲ್ಲಿ ಒತ್ತಿದರೆ ತಾನೇ ಬಿಡಿಸಿಕೊಡುತ್ತದೆ. ಮೊದಲ ಐದಾರು ಡಬ್ಬಿಗಳಿಗೆ ಸುಳಿವನ್ನು ಸಂಕೋಚವಿಲ್ಲದೆ ನೋಡಿ. ಅದು ಕಾಪಿ ಹೊಡೆದಂತಲ್ಲ, ನೋಡಲೆಂದೇ ಇಟ್ಟದ್ದು.

ಜೋಳಿಗೆಯಲ್ಲಿ ಏನಿರಲಿ

ಒಂದು ಬಾಲ್ ಪೆನ್, ಜೊತೆಗೆ ಪೆನ್ಸಿಲ್ ತುಂಡು. ಜೆಲ್ ಪೆನ್ ಬೇಡ, ತೇವ ಚೀಟಿಯ ಮೇಲೆ ಹರಡಿ ಹಿಂದಿನವರ ಹೆಸರನ್ನೂ ಅಳಿಸಿಬಿಡುತ್ತದೆ. ಹುಬ್ಬು ಕೀಳುವ ಚಿಮಟ ಒಂದು, ಯಾಕೆಂದು ಮುಂದೆ ಗೊತ್ತಾಗುತ್ತದೆ. ನೀರು, ಪವರ್ ಬ್ಯಾಂಕ್, ಟಾರ್ಚ್, ಗಟ್ಟಿ ಕೋಲು. ಮಕ್ಕಳು ಜೊತೆಗಿದ್ದರೆ ಗೋಲಿ, ಕೀಚೈನ್, ಚನ್ನಪಟ್ಟಣದ ಸಣ್ಣ ಬುಗುರಿಯಂಥ ನಾಲ್ಕೈದು ಆಟಿಕೆ. ಮ್ಯಾಪನ್ನು ಮನೆಯ ವೈಫೈಯಲ್ಲೇ ಡೌನ್‌ಲೋಡ್ ಮಾಡಿಕೊಂಡಿರಿ. ಗುಡ್ಡದ ಮೇಲೆ ಸಿಗ್ನಲ್ ನಂಬಬೇಡಿ.

ಕೊನೆಯ ಹತ್ತು ಮೀಟರ್

ಇಲ್ಲೇ ಎಲ್ಲರೂ ಎಡವುವುದು. ತೆರೆದ ಆಕಾಶದ ಕೆಳಗೆ ಒಳ್ಳೆಯ ಫೋನಿನ ಜಿಪಿಎಸ್ ಸುಮಾರು ಐದು ಮೀಟರ್ ಆಚೀಚೆ ತೋರಿಸುತ್ತದೆ. ಡಬ್ಬಿ ಬಚ್ಚಿಟ್ಟವರ ಫೋನೂ ಅವತ್ತು ಅಷ್ಟೇ ಆಚೀಚೆ ತೋರಿಸಿರುತ್ತದೆ. ಎರಡೂ ತಪ್ಪು ಕೂಡಿದರೆ ನೀವು ಹುಡುಕಬೇಕಾದ್ದು ಒಂದು ಚುಕ್ಕೆಯನ್ನಲ್ಲ, ಹತ್ತು ಮೀಟರ್ ತ್ರಿಜ್ಯದ ವೃತ್ತವನ್ನು. ಮರದ ನೆರಳು ದಟ್ಟವಾಗಿದ್ದರೆ, ಪಕ್ಕದಲ್ಲಿ ಎತ್ತರದ ಕಟ್ಟಡವೋ ದೊಡ್ಡ ಬಂಡೆಯೋ ಇದ್ದರೆ ಉಪಗ್ರಹದ ಸಂಕೇತ ಅದಕ್ಕೆ ತಾಗಿ ತಿರುಗಿ ಬಂದು ಲೆಕ್ಕ ಇನ್ನಷ್ಟು ಕೆಡುತ್ತದೆ.

ಆದ್ದರಿಂದ ದೂರ ಹತ್ತು ಮೀಟರ್ ಎಂದು ತೋರಿಸಿದ ಕೂಡಲೇ ನಿಂತುಬಿಡಿ. ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ನಾಲ್ಕು ಸಲ ತಿರುಗಿಸಿ, ದಿಕ್ಸೂಚಿ ಸರಿಹೋಗುತ್ತದೆ. ಒಂದು ನಿಮಿಷ ಅಲುಗಾಡದೆ ನಿಲ್ಲಿ, ಅಂಕಿ ಸ್ಥಿರವಾಗಲಿ. ನಂತರ ಇಪ್ಪತ್ತು ಮೀಟರ್ ಹಿಂದೆ ಹೋಗಿ ಬೇರೆ ದಿಕ್ಕಿನಿಂದ ಮತ್ತೆ ಬನ್ನಿ. ಎರಡು ಕಡೆಯಿಂದ ಬಂದಾಗ ಬಾಣ ತೋರಿಸಿದ ಗೆರೆಗಳು ಎಲ್ಲಿ ಕೂಡುತ್ತವೋ ಅದು ನಿಮ್ಮ ಜಾಗ. ಇನ್ನು ಫೋನ್ ಜೇಬಿಗೆ.

ಇದಾದ ಮೇಲೆ ಕಣ್ಣಿನ ಕೆಲಸ. ನಾನಾಗಿದ್ದರೆ ಎಲ್ಲಿ ಇಡುತ್ತಿದ್ದೆ ಎಂದು ಕೇಳಿಕೊಳ್ಳಿ. ಬಚ್ಚಿಟ್ಟವರೂ ನಿಮ್ಮಂಥವರೇ: ನೆಲ ಅಗೆಯುವಂತಿಲ್ಲ ಎಂಬ ನಿಯಮ ಇರುವುದರಿಂದ ಡಬ್ಬಿ ಮಣ್ಣಿನೊಳಗೆ ಇರುವುದಿಲ್ಲ. ಮಳೆ ನೀರು ನಿಲ್ಲದ, ದಾರಿಹೋಕರ ಕಣ್ಣಿಗೆ ಬೀಳದ, ಆದರೆ ಬಗ್ಗಿದರೆ ಕೈಗೆಟಕುವ ಜಾಗಗಳು ಹತ್ತು ಮೀಟರಿನೊಳಗೆ ಹೆಚ್ಚೆಂದರೆ ಏಳೆಂಟು ಇರುತ್ತವೆ. ಕಬ್ಬಿಣದ ಬೇಲಿ ಇದ್ದರೆ ಕಂಬದ ಟೊಳ್ಳು, ಅಡ್ಡಪಟ್ಟಿಯ ಹಿಂಭಾಗ. ಮ್ಯಾಗ್ನೆಟ್ ಅಂಟಿಸಿದ ಡಬ್ಬಿ ಅಲ್ಲಿ ಕೂತಿರಬಹುದು. ಕಲ್ಲಿನ ಬೆಂಚಾದರೆ ಅದರ ಕೆಳಮೈ, ಮರವಾದರೆ ಬೇರುಗಳ ನಡುವಿನ ಸಂದು. ಕಡ್ಡಿಗಳು ಒಂದೇ ದಿಕ್ಕಿಗೆ ಅಚ್ಚುಕಟ್ಟಾಗಿ ಬಿದ್ದಿದ್ದರೆ, ಒಂದು ಕಲ್ಲು ಮಾತ್ರ ಪಾಚಿಯಿಲ್ಲದೆ ಬೋಳಾಗಿದ್ದರೆ ಅನುಮಾನ ಪಡಿ. ಪ್ರಕೃತಿ ಅಷ್ಟು ನೀಟಾಗಿ ಕೆಲಸ ಮಾಡುವುದಿಲ್ಲ.

ಏನನ್ನೂ ಕಿತ್ತು ಹಾಕಬೇಡಿ. ಡಬ್ಬಿಗಾಗಿ ಕಲ್ಲುಕಟ್ಟೆ ಬಿಚ್ಚಬೇಕಾಗಿ ಬಂದರೆ, ಸ್ವಿಚ್ ಬಾಕ್ಸ್ ತೆರೆಯಬೇಕಾಗಿ ಬಂದರೆ ನೀವು ತಪ್ಪು ಜಾಗದಲ್ಲಿದ್ದೀರಿ ಎಂದೇ ಅರ್ಥ.

ಕೈ ಹಾಕುವ ಮುಂಚೆ

ಕೋಲು ತಂದದ್ದು ಇದಕ್ಕೆ. ನಮ್ಮ ಕಡೆ ಕಲ್ಲಿನ ಸಂದಿ ಎಂದರೆ ಚೇಳು, ಜರಿ, ಹಾವುಗಳ ಮನೆ. ಮೊದಲು ಟಾರ್ಚ್ ಬಿಡಿ, ಕೋಲಿನಿಂದ ತಟ್ಟಿ, ಆಮೇಲೆ ನೋಡಿಕೊಂಡು ಕೈ ಹಾಕಿ. ಕಣ್ಣಿಗೆ ಕಾಣದ ತೂತಿಗೆ ಬೆರಳು ತೂರಿಸುವ ಆಟ ಇದಲ್ಲ. ಹುತ್ತವನ್ನಂತೂ ಮುಟ್ಟಲೇಬೇಡಿ, ಒಳಗೆ ಇರುವವರ ದೃಷ್ಟಿಯಿಂದಲೂ, ಹೊರಗೆ ಅರಿಶಿನ ಕುಂಕುಮ ಹಚ್ಚಿದವರ ದೃಷ್ಟಿಯಿಂದಲೂ. ನಾಗರಕಲ್ಲು, ಅಶ್ವತ್ಥಕಟ್ಟೆಯ ಸುತ್ತಲೂ ಇದೇ ಮಾತು. ತಲೆಯ ಮೇಲೆ ಬಂಡೆಯ ಚಾಚು ಇದ್ದರೆ ಕತ್ತೆತ್ತಿ ಒಮ್ಮೆ ಹೆಜ್ಜೇನು ಇದೆಯೇ ನೋಡಿಕೊಳ್ಳಿ. ಪೊದೆ ಸರಿಸುವಾಗ ನಸುಗುನ್ನಿ ಬಳ್ಳಿ ಗುರುತಿಲ್ಲದವರು ಪೂರ್ತಿ ತೋಳಿನ ಅಂಗಿ ಹಾಕಿರಲಿ.

ಶಿವಮೊಗ್ಗ, ಉತ್ತರ ಕನ್ನಡದ ಕಡೆಯ ಕಾಡಂಚಿಗೆ ಹೋಗುವವರು ಉಣುಗಿನ ವಿಷಯ ಮರೆಯಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಈ ಉಣುಗು ಕಚ್ಚಿದಾಗ, ಹೆಚ್ಚಾಗಿ ಚಳಿಗಾಲದಿಂದ ಬೇಸಿಗೆಯ ತನಕ. ಆ ಸೀಸನ್‌ನಲ್ಲಿ ಆ ಕಾಡುಗಳಿಗೆ ಡಬ್ಬಿ ಹುಡುಕಲು ಹೋಗದಿರುವುದೇ ಸರಿ. ಅಮೆರಿಕ, ಯುರೋಪಿನಲ್ಲೂ ಹುಲ್ಲುಗಾವಲಿನ ಉಣುಗಿನಿಂದ ಲೈಮ್ ಕಾಯಿಲೆ ಬರುತ್ತದೆ. ಪ್ಯಾಂಟಿನ ತುದಿಯನ್ನು ಸಾಕ್ಸ್‌ನೊಳಗೆ ಸೇರಿಸಿಕೊಂಡು ನಡೆಯಿರಿ, ಮನೆಗೆ ಬಂದು ಮೈ ಪೂರ್ತಿ ನೋಡಿಕೊಳ್ಳಿ. ಅಮೆರಿಕದಲ್ಲಿ ಪಾಯ್ಸನ್ ಐವಿ ಎಂಬ ಗಿಡ ಉಂಟು, ಮೂರು ಮೂರು ಎಲೆಯ ಗೊಂಚಲು, ತಾಗಿದರೆ ದಿನಗಟ್ಟಲೆ ಉರಿ, ತುರಿಕೆ. ಅಲ್ಲಿನ ಮಕ್ಕಳಿಗೂ ಅದರ ಗುರುತು ಗೊತ್ತಿರುತ್ತದೆ, ಮೊಮ್ಮಕ್ಕಳನ್ನೇ ಕೇಳಿ.

ಸುತ್ತ ಇರುವ ಜನ

ಆಟ ಗೊತ್ತಿಲ್ಲದವರನ್ನು ಜಿಯೋಕ್ಯಾಶಿಂಗ್‌ನವರು ಮಗಲ್ ಎನ್ನುತ್ತಾರೆ. ಮಗಲ್‌ಗಳಿಗೆ ಗೊತ್ತಾಗದ ಹಾಗೆ ಗುಟ್ಟಾಗಿ ಹುಡುಕಬೇಕು, ಶೂ ಲೇಸ್ ಕಟ್ಟುವವರ ಹಾಗೆ ಬಗ್ಗಬೇಕು, ಫೋನಿನಲ್ಲಿ ಮಾತಾಡುವವರ ಹಾಗೆ ನಟಿಸಬೇಕು ಎಂದೆಲ್ಲ ಹೊರಗಿನ ಮಾರ್ಗದರ್ಶಿಗಳು ಹೇಳುತ್ತವೆ. ಸ್ಟುಟ್‌ಗಾರ್ಟ್‌ನಲ್ಲಿ ಇದು ನಡೆದೀತು. ಅಲ್ಲಿ ಯಾರೂ ನಿಮ್ಮನ್ನು ಮಾತಾಡಿಸುವುದಿಲ್ಲ.

ಇಲ್ಲಿ ಹಾಗಲ್ಲ. ನೀವು ಬೆಂಚಿನ ಕೆಳಗೆ ಎರಡನೇ ಸಲ ಬಗ್ಗುವಷ್ಟರಲ್ಲಿ ವಾಕಿಂಗ್ ಬಂದ ಹಿರಿಯರೊಬ್ಬರು ನಿಂತು ಕೇಳಿಯೇ ಕೇಳುತ್ತಾರೆ, "ಏನ್ ಬೀಳಿಸ್ಕೊಂಡ್ರಿ?" ಆಗ "ಉಂಗುರ ಬಿತ್ತು" ಎಂದು ಸುಳ್ಳು ಹೇಳಿದಿರೋ, ಮುಗಿಯಿತು. ಅವರೂ ಬಗ್ಗುತ್ತಾರೆ, ಕಡಲೆಕಾಯಿ ಮಾರುವವನೂ ಬರುತ್ತಾನೆ, ಇನ್ನಿಬ್ಬರು ಸೇರಿಕೊಳ್ಳುತ್ತಾರೆ, "ಚಿನ್ನದ್ದಾ?" ಎಂಬ ಪ್ರಶ್ನೆ ಬರುತ್ತದೆ. ಕೊನೆಗೆ ಇಲ್ಲದ ಉಂಗುರಕ್ಕೆ ಐದು ಜನ ಮರುಗುವುದನ್ನು ನೋಡಿಕೊಂಡು ನೀವು ಬರಿಗೈಯಲ್ಲಿ ಹೊರಡಬೇಕು. ಏನೂ ಹೇಳದೆ ಕಳ್ಳನಂತೆ ಸುಳಿದಾಡಿದರೆ ಇನ್ನೂ ಕಷ್ಟ. "ವಾರಸುದಾರರಿಲ್ಲದ ವಸ್ತು ಕಂಡರೆ ಪೊಲೀಸರಿಗೆ ತಿಳಿಸಿ" ಎಂದು ಬಸ್ ಸ್ಟ್ಯಾಂಡಿನಲ್ಲಿ ದಿನವೂ ಕೇಳಿಸಿಕೊಂಡಿರುವ ಊರು ನಮ್ಮದು. ಸಂದಿಯಿಂದ ಡಬ್ಬಿ ತೆಗೆದು, ಏನೋ ಮಾಡಿ, ಮತ್ತೆ ಅಲ್ಲೇ ಇಟ್ಟು ಹೋಗುವವನನ್ನು ದೂರದಿಂದ ನೋಡಿದವರಿಗೆ ಏನನ್ನಿಸಬೇಕು?

ಆದ್ದರಿಂದ ನಿಜ ಹೇಳಿಬಿಡಿ. "ಇದೊಂದು ಆಟ ಅಂಕಲ್, ಯಾರೋ ಒಂದು ಡಬ್ಬಿ ಇಟ್ಟಿದ್ದಾರೆ, ಅದರಲ್ಲಿ ಹೆಸರು ಬರೆದು ವಾಪಸ್ ಇಡಬೇಕು" ಎಂದು ಫೋನಿನಲ್ಲಿ ಆ ಪುಟವನ್ನೇ ತೋರಿಸಿ. ಮುಕ್ಕಾಲು ಪಾಲು ಜನ ನಕ್ಕು ಮುಂದೆ ಹೋಗುತ್ತಾರೆ. ಇನ್ನುಳಿದವರು "ಅಲ್ಲಿ ನೋಡಿದ್ರಾ?" ಎಂದು ಸಹಾಯಕ್ಕೆ ನಿಲ್ಲುತ್ತಾರೆ. ಸೆಕ್ಯೂರಿಟಿಯವರು ಇದ್ದರೆ ಹುಡುಕುವ ಮುಂಚೆಯೇ ಹೋಗಿ ಹೇಳಿ. ಕೇಳಿಸಿಕೊಂಡ ಮೇಲೆ ಬೇಡ ಎಂದರೆ ಅಲ್ಲಿಗೆ ಬಿಡಿ. ಡಬ್ಬಿಯ ಗುಟ್ಟು ರಟ್ಟಾದೀತು ಎಂಬ ಚಿಂತೆ ಇದ್ದರೆ, ಸಿಕ್ಕ ಮೇಲೆ ಅದನ್ನು ಸ್ವಲ್ಪ ದೂರ ಒಯ್ದು ಚೀಟಿ ಬರೆದು, ಜನ ಚದುರಿದ ಮೇಲೆ ವಾಪಸ್ ಇಟ್ಟರಾಯಿತು.

ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಕತ್ತಲಾದ ಮೇಲೆ ಪಾರ್ಕಿನ ಮೂಲೆಯಲ್ಲಿ ಟಾರ್ಚ್ ಬಿಟ್ಟುಕೊಂಡು ಓಡಾಡುವುದು ಬೇಡವೇ ಬೇಡ. ಮಿಲಿಟರಿ ಜಾಗ, ಮೆಟ್ರೊ, ರೈಲ್ವೆ ಹಳಿ, ಅಣೆಕಟ್ಟೆಗಳ ಹತ್ತಿರ ಬಾಣ ಎಳೆದುಕೊಂಡು ಹೋದರೆ ವಾಪಸ್ ತಿರುಗಿ.

ಡಬ್ಬಿ ಸಿಕ್ಕ ಮೇಲೆ

ತೆರೆಯುವ ಮುಂಚೆ ಅದು ಹೇಗೆ ಕೂತಿತ್ತು ಎಂದು ಒಂದು ಫೋಟೊ ತೆಗೆದುಕೊಳ್ಳಿ, ಇಡುವಾಗ ಬೇಕಾಗುತ್ತದೆ. ಮೈಕ್ರೊ ಆಗಿದ್ದರೆ ಒಳಗಿನ ಚೀಟಿ ಬೀಡಿಯಂತೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ, ಬೆರಳಿಗೆ ಸಿಗುವುದಿಲ್ಲ. ಚಿಮಟ ಬೇಕಾದ್ದು ಈಗ. ಅಂಚು ಹಿಡಿದು ಎಳೆಯಬೇಡಿ, ಹರಿಯುತ್ತದೆ. ಸುರುಳಿಯ ನಡುವಿಗೆ ಚಿಮಟದ ಒಂದು ತುದಿ ತೂರಿಸಿ, ಸುತ್ತಿದ ದಿಕ್ಕಿಗೇ ಇನ್ನೊಂದು ಸುತ್ತು ತಿರುಗಿಸಿ. ಸುರುಳಿ ಬಿಗಿದು ಸಣ್ಣಗಾಗುತ್ತದೆ, ಸಲೀಸಾಗಿ ಹೊರಬರುತ್ತದೆ. ಕೊನೆಯ ಹೆಸರಿನ ಕೆಳಗೆ ನಿಮ್ಮ ಅಡ್ಡಹೆಸರು, ತಾರೀಕು ಬರೆಯಿರಿ. ಶಾಯಿ ಒಣಗಲಿ, ಮತ್ತೆ ಬಿಗಿಯಾಗಿ ಸುತ್ತಿ. ಮುಚ್ಚಳದ ಅಂಚಿಗೆ ಚೀಟಿ ಸಿಕ್ಕಿಕೊಂಡರೆ ಮಳೆ ನೀರು ಅದೇ ದಾರಿಯಲ್ಲಿ ಒಳಗಿಳಿಯುತ್ತದೆ, ಅದನ್ನು ಮಾತ್ರ ಎರಡು ಸಲ ನೋಡಿ.

ದೊಡ್ಡ ಡಬ್ಬಿಯಲ್ಲಿ ಆಟಿಕೆಗಳಿದ್ದರೆ ಮಕ್ಕಳು ಒಂದನ್ನು ತೆಗೆದುಕೊಳ್ಳಬಹುದು. ತೆಗೆದುಕೊಂಡದ್ದಕ್ಕೆ ಸಮನಾದದ್ದೋ ಇನ್ನೂ ಒಳ್ಳೆಯದೋ ಇಡಬೇಕು. ತಿನ್ನುವ ಪದಾರ್ಥ ಇಡಬಾರದು, ಇರುವೆ ಮಾತ್ರವಲ್ಲ, ಇಲಿ, ಅಳಿಲು ಡಬ್ಬಿಯನ್ನೇ ಕಡಿದು ಹಾಕುತ್ತವೆ. ಲೋಹದ ಬಿಲ್ಲೆಯ ಮೇಲೆ ಸಂಕೇತ ಕೊರೆದಿರುವ ವಸ್ತು ಸಿಕ್ಕರೆ ಅದು ಟ್ರ್ಯಾಕಬಲ್. ಅದು ಯಾರದೋ ಪ್ರಯಾಣಿಕ. ಡಬ್ಬಿಯಿಂದ ಡಬ್ಬಿಗೆ ಸಾಗುತ್ತಿರುತ್ತದೆ, ಎಲ್ಲಿಗೆ ಹೋಗಬೇಕು ಎಂದು ಅದರ ಪುಟದಲ್ಲಿ ಬರೆದಿರುತ್ತದೆ. ಮುಂದಿನ ಡಬ್ಬಿಗೆ ಮುಟ್ಟಿಸುವುದಾದರೆ ಮಾತ್ರ ಎತ್ತಿಕೊಳ್ಳಿ. ಶೋಕೇಸಿಗೆ ಇಟ್ಟುಕೊಳ್ಳುವಂತಿಲ್ಲ, ಸಂಕೇತದ ಫೋಟೊವನ್ನು ಇಂಟರ್‌ನೆಟ್ಟಿಗೆ ಹಾಕುವಂತಿಲ್ಲ. ಮಂಗಳ ಗ್ರಹದ ಮೇಲೆ ಓಡಾಡುತ್ತಿರುವ ನಾಸಾದ ಪರ್ಸೆವೆರೆನ್ಸ್ ರೋವರ್‌ನಲ್ಲೂ ಇಂಥ ಒಂದು ಸಂಕೇತ ಇದೆ. ಅದನ್ನು ಸದ್ಯಕ್ಕೆ ಯಾರೂ ಎತ್ತಿಕೊಂಡು ಹೋಗಲಾರರು.

ಆ್ಯಪ್‌ನಲ್ಲಿ ಲಾಗ್ ಬರೆಯುವಾಗ ಬರೀ "ಸಿಕ್ಕಿತು" ಎಂದು ಮುಗಿಸಬೇಡಿ. ಡಬ್ಬಿ ಇಟ್ಟವರಿಗೆ ಸಿಗುವ ಸಂಬಳ ಈ ಎರಡು ಸಾಲು ಮಾತ್ರ. ದಾರಿಯಲ್ಲಿ ಏನು ಕಂಡಿತು, ಚೀಟಿ ಒಣಗಿದೆಯೇ ಒದ್ದೆಯೇ ಎಂದು ಬರೆಯಿರಿ, ಅಡಗಿದ್ದ ಜಾಗದ ಸುಳಿವು ಮಾತ್ರ ಬಿಟ್ಟುಕೊಡಬೇಡಿ. ಕನ್ನಡದಲ್ಲೇ ಬರೆದರೂ ಅಡ್ಡಿಯಿಲ್ಲ. ಸಿಗದಿದ್ದರೆ ಸಿಗಲಿಲ್ಲ ಎಂದು ದಾಖಲಿಸಿ. ಇದಕ್ಕೆ ನಾಚಿಕೆ ಪಡುವವರು ಬಹಳ, ಆದರೆ ಮುಂದೆ ಬರುವವರಿಗೂ ಮಾಲೀಕರಿಗೂ ಆ ಲಾಗ್‌ನಷ್ಟು ಉಪಯೋಗದ್ದು ಬೇರೊಂದಿಲ್ಲ. ಸಿಗಲಿಲ್ಲವೆಂದು ನೀವೇ ಇನ್ನೊಂದು ಡಬ್ಬಿ ಇಟ್ಟು "ಸಿಕ್ಕಿತು" ಎನ್ನುವುದು ಮಾತ್ರ ತೀರಾ ಕೆಟ್ಟ ಚಾಳಿ.

ಡಬ್ಬಿಯೇ ಇಲ್ಲದ ಡಬ್ಬಿ

ನಾಲ್ಕು ಟ್ರೆಡಿಷನಲ್ ಆದ ಮೇಲೆ ಬೇರೆ ಬಗೆಗಳಿಗೆ ಹೋಗಬಹುದು. ಮಲ್ಟಿಯಲ್ಲಿ ಒಂದು ಜಾಗದ ಫಲಕದಲ್ಲಿರುವ ಅಂಕಿಗಳಿಂದ ಮುಂದಿನ ಜಾಗದ ಸ್ಥಾನ ಕಟ್ಟಿಕೊಳ್ಳಬೇಕು. ಮಿಸ್ಟರಿಯಲ್ಲಿ ಮೊದಲು ಮನೆಯಲ್ಲೇ ಒಗಟು ಬಿಡಿಸಬೇಕು. ಮ್ಯಾಪ್ ಮೇಲೆ ಕಾಣುವ ಗುರುತಿನ ಜಾಗದಲ್ಲಿ ಏನೂ ಇರುವುದಿಲ್ಲ.

ನಮ್ಮ ನಾಡಿಗೆ ಎಲ್ಲಕ್ಕಿಂತ ಹೊಂದುವುದು ಅರ್ತ್‌ಕ್ಯಾಶ್. ಇದರಲ್ಲಿ ಡಬ್ಬಿಯೇ ಇಲ್ಲ, ಹಾಗಾಗಿ ಕಳೆದುಹೋಗುವ, ಅನುಮಾನ ಹುಟ್ಟಿಸುವ ತಾಪತ್ರಯವೂ ಇಲ್ಲ. ಭೂಮಿಯ ಇತಿಹಾಸ ಕಣ್ಣಿಗೆ ಕಾಣುವ ಜಾಗಕ್ಕೆ ಹೋಗಿ, ಕಲ್ಲನ್ನು ನೋಡಿ, ಪುಟದಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರವನ್ನು ಮಾಲೀಕರಿಗೆ ಕಳಿಸಬೇಕು: ಪಟ್ಟಿಗಳು ಯಾವ ಬಣ್ಣ, ಯಾವ ದಿಕ್ಕಿಗೆ ವಾಲಿವೆ, ಕಂಬಕ್ಕೆ ಎಷ್ಟು ಮುಖ, ಹೀಗೆ. ಅಮೆರಿಕದ ಭೂವೈಜ್ಞಾನಿಕ ಸೊಸೈಟಿ ಇದರ ಹಿಂದಿದೆ, 2004ರಲ್ಲಿ ಶುರುವಾದದ್ದು. ಇಂಥ ಪ್ರಶ್ನೆ ಕೇಳಬಲ್ಲ ಜಾಗಗಳಿಗೆ ಕರ್ನಾಟಕದಲ್ಲಿ ಬರವೇ? ಲಾಲ್‌ಬಾಗ್‌ನ ಕೆಂಪೇಗೌಡ ಗೋಪುರ ನಿಂತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ, ನೈಸ್ ಎಂಬ ಜಾತಿಯ ಶಿಲೆ. ದಿನವೂ ಸಾವಿರಾರು ಜನ ಅದರ ಮೇಲೆ ಕೂತು ಚುರುಮುರಿ ತಿನ್ನುತ್ತಾರೆ, ಕೆಳಗಿರುವ ಬಿಳಿ, ಬೂದು ಪಟ್ಟೆಗಳನ್ನು ನೋಡುವವರು ಕಡಿಮೆ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದಲ್ಲಿ ಲಾವಾ ತಣಿದು ಬಿರಿದು ಆದ ಕಂಬಗಳಿವೆ, ಮಡಗಾಸ್ಕರ್ ನಮ್ಮಿಂದ ಬೇರಾದ ಕಾಲದವು, ಸುಮಾರು 8.8 ಕೋಟಿ ವರ್ಷದ ಹಿಂದಿನವು. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿದ ಲಾವಾ ದಿಂಬಿನಾಕಾರದಲ್ಲಿ ಗಟ್ಟಿಯಾಗಿದೆ. ಮೂರೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಕಲ್ಲು ಒಡೆದು ಚೂರು ತರುವಂತಿಲ್ಲ.

ನೀವೇ ಒಂದು ಇಡುವುದಾದರೆ

ಅವಸರ ಬೇಡ. ಇಪ್ಪತ್ತಾದರೂ ಹುಡುಕಿದ ಮೇಲೆ ಯಾವ ಡಬ್ಬಿ ಉಳಿಯುತ್ತದೆ, ಯಾವುದು ಕೊಳೆಯುತ್ತದೆ ಎಂದು ತಾನಾಗಿ ಗೊತ್ತಾಗುತ್ತದೆ. ಪ್ರವಾಸ ಹೋದ ಊರಿನಲ್ಲಿ ಇಟ್ಟು ಬರುವ ಆಸೆ ಎಲ್ಲರಿಗೂ ಬರುತ್ತದೆ; ಆಗಾಗ ಹೋಗಿ ನೋಡಿಕೊಳ್ಳಲಾಗದ ಡಬ್ಬಿಗೆ ತಾಣದವರು ಸಾಮಾನ್ಯವಾಗಿ ಒಪ್ಪಿಗೆ ಕೊಡುವುದಿಲ್ಲ. ಇನ್ನೊಂದು ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರ ಇರಬೇಕು. ಅಗೆಯಬಾರದು, ಮರಕ್ಕೆ ಮೊಳೆ ಹೊಡೆಯಬಾರದು, ಜಾಗದ ಒಡೆಯರ ಅನುಮತಿ ಇರಬೇಕು. ಪುರಾತತ್ವ ಇಲಾಖೆಯ ಸ್ಮಾರಕ, ದೇವಸ್ಥಾನದ ಗೋಡೆ, ಅಭಯಾರಣ್ಯ ಇವುಗಳ ಯೋಚನೆಯೇ ಬೇಡ. ಅಪಾರ್ಟ್‌ಮೆಂಟಿನ ತೋಟ, ಪರಿಚಯದವರ ಕೆಫೆ, ನೆಂಟರ ಹೋಂಸ್ಟೇ ಇವೇ ಸುಲಭ. ಒಗಟು ಇಡುವ ಮನಸ್ಸಿದ್ದರೆ ಕನ್ನಡ ಅಂಕಿಗಳಿರುವ ಹಳೆಯ ಫಲಕವೊಂದನ್ನು ಹುಡುಕಿ. ೭ಕ್ಕೂ ೬ಕ್ಕೂ ವ್ಯತ್ಯಾಸ ತಿಳಿಯದೆ ಒದ್ದಾಡುವವರು ಹೊರಗಿನಿಂದ ಬಂದವರು ಮಾತ್ರ ಅಲ್ಲ.

ಡಬ್ಬಿ ಪಾರದರ್ಶಕವಾಗಿರಲಿ, ರಬ್ಬರ್ ಅಂಚಿನ ಮುಚ್ಚಳ ಇರಲಿ. ಟೇಪ್ ಸುತ್ತಿದ ಪಿವಿಸಿ ಪೈಪ್, ವೈರ್ ಕಾಣುವ ಯಾವುದೂ ಬೇಡ, ಯಾಕೆಂದು ಹೇಳಬೇಕಿಲ್ಲ. ಹೊರಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಲೇಬಲ್ ಅಂಟಿಸಿ: "ಇದು ಜಿಯೋಕ್ಯಾಶಿಂಗ್ ಎಂಬ ಹುಡುಕಾಟದ ಆಟದ ಡಬ್ಬಿ. ಒಳಗೆ ಚೀಟಿ, ಪೆನ್ಸಿಲ್ ಮಾತ್ರ ಇವೆ. ದಯವಿಟ್ಟು ತೆರೆದು ನೋಡಿ, ಇದ್ದಲ್ಲೇ ಇಡಿ." ಚೀಟಿಯನ್ನು ಜಿಪ್ ಕವರಿನಲ್ಲಿ ಹಾಕಿ, ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಒಂದನ್ನು ಜೊತೆಗಿಡಿ.

ಸ್ಥಾನವನ್ನು ಒಂದೇ ಸಲ ಅಳೆದು ಮುಗಿಸಬೇಡಿ. ಬೇರೆ ಬೇರೆ ದಿನ ಎರಡು ಮೂರು ಸಲ ಅಳೆದು ಸರಾಸರಿ ತೆಗೆಯಿರಿ, ನಂತರ ಪುಟ ಬರೆದು ತಾಣಕ್ಕೆ ಸಲ್ಲಿಸಿ. ಸ್ವಯಂಸೇವಕ ಪರಿಶೀಲಕರೊಬ್ಬರು ನೋಡುತ್ತಾರೆ. ಅನುಮತಿ ಯಾರು ಕೊಟ್ಟರು, ಹೇಗೆ ನೋಡಿಕೊಳ್ಳುತ್ತೀರಿ ಎಂದು ಕೇಳಿದರೆ ಮುನಿಸಿಕೊಳ್ಳದೆ ಉತ್ತರಿಸಿ. ಪ್ರಕಟವಾದ ಮೇಲೆ ವಿದೇಶದ ಊರುಗಳಲ್ಲಾದರೆ ಮೊದಲು ಹುಡುಕಿದವನೆಂಬ ಹೆಸರಿಗಾಗಿ ಜನ ಅರ್ಧ ಗಂಟೆಯಲ್ಲೇ ಓಡಿ ಬರುವುದುಂಟು. ಇಲ್ಲಿ ವಾರಗಳೇ ಕಳೆಯಬಹುದು. ಯಾರೂ ಬರಲಿಲ್ಲವೆಂದು ಜಾಗ ಬದಲಿಸುತ್ತಾ ಕೂರಬೇಡಿ. ಮುಂಗಾರಿನ ಮೊದಲ ಜೋರು ಮಳೆ ಆದ ವಾರ ಮಾತ್ರ ಒಮ್ಮೆ ಹೋಗಿ ಮುಚ್ಚಳ ತೆರೆದು ನೋಡಿ. ಚೀಟಿ ಒದ್ದೆಯಾಗಿದ್ದರೆ ಅದರ ಫೋಟೊ ಇಟ್ಟುಕೊಂಡು ಹೊಸದನ್ನು ಹಾಕಿ, ಪುಟದಲ್ಲಿ ಚೀಟಿ ಬದಲಿಸಿದ್ದೇನೆಂದು ಒಂದು ಸಾಲು ಬರೆಯಿರಿ.